ಸಾಲದ ವಿಚಾರಣೆಗೆ ಬಂದವನು

ಹಳೇಬೀಡಿನಲ್ಲಿ ಬಸ್ಸಿಳಿದ ಯೋಗನರಸಿಂಹನಿಗೆ ಭಾಷ್ಯಂ ಮೇಷ್ಟ್ರ ಮನೆಯನ್ನು ಹುಡುಕುವ ಕಷ್ಟವೇ ಬರಲಿಲ್ಲ. ಮೇಷ್ಟ್ರೇ ಬಸ್ಸಿನ ಬಾಗಿಲಿಗೆ ಬಂದು ನಿಂತಿದ್ದರು. ಮಡಿ ಮಾಡಿದ ಪಂಚೆ, ಕತ್ತಿನವರೆಗೂ ಗುಂಡಿ ಹಾಕಿದ ಕೋಟು, ಹಣೆಯಲ್ಲಿ ಆಗ ತಾನೇ ಇಟ್ಟುಕೊಂಡ ನಾಮ.

"ಅರಸೀಕೆರೆಯಿಂದ ತಾನೇ?" ಎಂದು ಕೇಳಿದರು.

"ಹೌದು ಸಾರ್, ಅಲ್ಲಿಂದಲೇ ಬಂದೆ. ನಿಮ್ಮ ಮಗಳ ವಿಷಯವಾಗಿ..."

"ಗೊತ್ತು, ಗೊತ್ತು. ಒಬ್ಬರೇ ಬಂದಿರಾ? ಹಿರಿಯರು ಯಾರೂ ಬರಲಿಲ್ಲವಾ?"

ಯೋಗನರಸಿಂಹ ಬೇಲೂರಿನ ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಸೇರಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಭಾನುವಾರ ಅರಸೀಕೆರೆಯಲ್ಲಿದ್ದ ತಂದೆತಾಯಿಯನ್ನು ನೋಡಿಕೊಂಡು ಸೋಮವಾರ ಬೆಳಗಿನ ಬಸ್ಸಿಗೆ ಹಿಂತಿರುಗುತ್ತಿದ್ದವನು, ದಾರಿಯಲ್ಲೇ ಇದ್ದ ಹಳೇಬೀಡಿನಲ್ಲಿ ಒಂದು ವಿಚಾರಣೆ ಮುಗಿಸಿಕೊಂಡು ಹೋಗೋಣವೆಂದು ಇಳಿದಿದ್ದ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ವಯಸ್ಸಾದ ಗುಮಾಸ್ತರು ಹೋಗುತ್ತಿದ್ದರು. ಮೇಷ್ಟ್ರು ಅದನ್ನೇ ಕೇಳುತ್ತಿರಬೇಕು ಎಂದುಕೊಂಡ.

"ಹಿರಿಯರಿಗೆ ಪುರುಸೊತ್ತಾಗಲಿಲ್ಲ. ನೀನೇ ಹೋಗಿ ಎಲ್ಲ ಸರಿಯಾಗಿ ನೋಡಿಕೊಂಡು ಬಾ ಅಂದರು" ಎಂದ.

"ಒಳ್ಳೇದೇ ಆಯ್ತು ಬಿಡಿ. ಈಗಿನ ಕಾಲಕ್ಕೆ ಅದೇ ಸರಿ" ಎಂದು ಮೇಷ್ಟ್ರು ಅವನ ಕೈಯಿಂದ ಬಲವಂತವಾಗಿ ಕೊಡೆ ಇಸಕೊಂಡು ಮುಂದೆ ನಡೆದರು.

ಇಲ್ಲೇ ವಿಷಯ ಬಿಡಿಸಿ ಹೇಳಿಬಿಡುವುದು ಒಳ್ಳೆಯದು. ಅದು ಸಾವಿರದ ಒಂಬೈನೂರ ಅರವತ್ತನಾಲ್ಕನೇ ಇಸವಿ, ಜೂನ್ ತಿಂಗಳು. ಬಡವರ ಮನೆಯ ಬುದ್ಧಿವಂತ ಮಕ್ಕಳು ಕಾಲೇಜು ಓದಲೆಂದು ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಡಲು ಆಗಷ್ಟೇ ಶುರುಮಾಡಿತ್ತು. ಮೇಷ್ಟ್ರ ಮಗಳು ಯದುಗಿರಿ ಹಾಸನದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಪಿ.ಯು.ಸಿ.ಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ್ದಳು. ಮೈಸೂರಿಗೆ ಹೋಗಿ ಬಿ.ಎಸ್ಸಿ. ಓದಬೇಕೆಂದು ಅವಳ ಹಟ. ರಿಟೈರಾದ ಮೇಷ್ಟ್ರ ಪೆನ್ಷನ್ನು ಮನೆಗೇ ಸಾಲದು. ಹಾಗಾಗಿ ಅವಳು ಸಾಲಕ್ಕೆ ಅರ್ಜಿ ಹಾಕಿದ್ದಳು, ಮೇಷ್ಟ್ರು ಅರೆಮನಸ್ಸಿನಿಂದ ಸಹಿ ಮಾಡಿದ್ದರು. ಅದೇ ಹೊತ್ತಿಗೆ ಅವರು ಅರಸೀಕೆರೆಯ ಒಂದು ಸಂಬಂಧವನ್ನೂ ವಿಚಾರಿಸಿದ್ದರು. "ಸಾಲ ಬಂದರೆ ಓದು, ಗಂಡು ಬಂದರೆ ಮದುವೆ. ಯಾವುದು ಮೊದಲು ಬರುತ್ತೋ ಅದು" ಎಂದು ಮಗಳಿಗೆ ಹೇಳಿದ್ದರು. ಆ ಗಂಡು ನೋಡಲು ಬರಬೇಕಾಗಿದ್ದದ್ದು ಈ ಸೋಮವಾರವೇ, ಈ ಬಸ್ಸಿಗೇ.

ಬಂದವನನ್ನು ಯಾಕೆ ಬಂದೆ ಎಂದು ಕೇಳುವುದು ಆ ಮನೆಯ ಮರ್ಯಾದೆಯಲ್ಲ. ಕೈಕಾಲಿಗೆ ನೀರು ಕೊಟ್ಟರು. ಚಾಪೆಯ ಮೇಲೆ ಜಮಖಾನ ಹಾಸಿ ಕೂರಿಸಿದರು. ಒಳಗಿನಿಂದ ಬೋಂಡ ಕರಿಯುವ ವಾಸನೆ ಬರುತ್ತಿತ್ತು. ತೆಂಗಿನತೋಟದ ಕಲ್ಲೇಶಪ್ಪನವರು, ಊರಿನಲ್ಲಿ ಮೇಷ್ಟ್ರಿಗೆ ಬೇಕಾದವರು, ಗಂಡನ್ನು ಅಳೆದು ನೋಡಲೆಂದೇ ಬಂದು ಕಂಬಕ್ಕೊರಗಿ ಕೂತಿದ್ದರು.

ಯೋಗನರಸಿಂಹ ಚೀಲದಿಂದ ಫೈಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಮೊದಲು ಕೆಲವು ವಿಷಯ ಕೇಳಬೇಕು. ಮನೆ ಸ್ವಂತದ್ದಾ?"

ಮೇಷ್ಟ್ರ ಮುಖ ಸ್ವಲ್ಪ ಬಾಡಿತು. "ಸ್ವಂತದ್ದೇ. ನಮ್ಮ ತಂದೆ ಕಾಲದ್ದು."

"ಜಮೀನು?"

"ಇಲ್ಲ."

"ಪೆನ್ಷನ್ ಎಷ್ಟು ಬರುತ್ತೆ? ಮಗಳಲ್ಲದೆ ಇನ್ನೆಷ್ಟು ಮಕ್ಕಳು? ಅವರ ಓದಿನ ಜವಾಬ್ದಾರಿಯೂ ನಿಮ್ಮದೇನಾ?"

ಮೇಷ್ಟ್ರು ಒಂದೊಂದಕ್ಕೂ ಉತ್ತರ ಹೇಳಿದರು, ಪ್ರತಿ ಉತ್ತರಕ್ಕೂ ಅವರ ದನಿ ಇಳಿಯುತ್ತಾ ಹೋಯಿತು. ಇವನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಕಲ್ಲೇಶಪ್ಪನವರು ಮೇಷ್ಟ್ರ ಕಿವಿಯ ಹತ್ತಿರ ಬಾಗಿ, ಎಲ್ಲರಿಗೂ ಕೇಳಿಸುವಂತೆ, "ಭಾರೀ ಲೆಕ್ಕಾಚಾರದ ಹುಡುಗ ಕಣ್ ಮೇಷ್ಟ್ರೇ. ಬರ್ಕಂತಾ ಅವ್ನೆ!" ಎಂದರು.

"ಕೊನೇದಾಗಿ, ಬೇರೆ ಎಲ್ಲಾದರೂ ಸಾಲ ಇದೆಯಾ ಸಾರ್?"

"ಒಬ್ಬರ ಹತ್ತಿರ ಒಂದು ಕಾಸು ಕೈಚಾಚಿದವನಲ್ಲ ನಾನು!" ಎಂದು ಮೇಷ್ಟ್ರು ಗುಡುಗಿದರು.

ಮಾತು ಕೆಡುತ್ತಿರುವುದನ್ನು ಕಂಡು ಅವರ ಹೆಂಡತಿ ಕನಕಲಕ್ಷ್ಮಿ ಅಡುಗೆಮನೆಯ ಬಾಗಿಲಿಗೆ ಬಂದರು. "ಗೋತ್ರ ಯಾವುದಪ್ಪಾ?"

ಅರ್ಜಿಗೂ ಗೋತ್ರಕ್ಕೂ ಏನು ಸಂಬಂಧವೋ ಅವನಿಗೆ ತಿಳಿಯಲಿಲ್ಲ. ಆದರೆ ತಾಯಿಯ ವಯಸ್ಸಿನವರು ಕೇಳಿದಾಗ ಹೇಳದಿರುವುದು ಹೇಗೆ? "ಭಾರದ್ವಾಜ" ಎಂದ.

"ನಮ್ಮದು ಶ್ರೀವತ್ಸ. ಸದ್ಯ! ನಕ್ಷತ್ರ?"

"ಸ್ವಾತಿ."

"ಅದು ಬಹಳ ಒಳ್ಳೇ ನಕ್ಷತ್ರ" ಎಂದು ಆಕೆ ಸಮಾಧಾನದ ಉಸಿರುಬಿಟ್ಟರು. ಹಳೇಬೀಡಿನವರು ತುಂಬ ಆದರದ ಜನ ಎಂದುಕೊಂಡ ಯೋಗನರಸಿಂಹ.

"ನಿಮ್ಮ ಮಗಳನ್ನ ಸ್ವಲ್ಪ ಕರೀತೀರಾ? ಅವರನ್ನೂ ಎರಡು ಮಾತು ಕೇಳಬೇಕು."

ಯದುಗಿರಿ ಬಂದಳು. ಅಮ್ಮನ ಹಳೆಯ ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ, ಕೈಯಲ್ಲಿ ಬೋಂಡ ಸಜ್ಜಿಗೆಯ ತಟ್ಟೆ. ಕಣ್ಣು ನೆಲದ ಮೇಲೆ. ತುಟಿಗಳು ಮಾತ್ರ ಯಾರ ಮೇಲೋ ಮುನಿಸಿಕೊಂಡಂತೆ ಬಿಗಿದುಕೊಂಡಿದ್ದವು. ಸಾಲ ಕೇಳುವವರು ಇಷ್ಟು ಸಿಂಗಾರವಾಗಿ ಬರುತ್ತಾರೆಂದು ಕಚೇರಿಯಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ. ಒಂದು ಗಳಿಗೆ ಕೇಳಬೇಕಾದ ಪ್ರಶ್ನೆಯೇ ಮರೆತುಹೋಯಿತು.

"ಕೆಮಿಸ್ಟ್ರಿಯಲ್ಲಿ... ಎಷ್ಟು ಬಂತು?" ಎಂದು ಕೊನೆಗೂ ಕೇಳಿದ.

ಅವಳು ತಟ್ಟನೆ ತಲೆಯೆತ್ತಿದಳು. ಹೆಣ್ಣು ನೋಡಲು ಬಂದವನು ಹಾಡು ಬರುತ್ತಾ ಎಂದು ಕೇಳುತ್ತಾನೆ, ಕಸೂತಿ ಬರುತ್ತಾ ಎಂದು ಕೇಳುತ್ತಾನೆ. ಕೆಮಿಸ್ಟ್ರಿ? ಅವಳ ಕಣ್ಣು ಅವನ ಮುಖದಿಂದ ತೊಡೆಯ ಮೇಲಿದ್ದ ಫೈಲಿಗೆ ಇಳಿಯಿತು. ಅಲ್ಲಿ ಮೇಲ್ಗಡೆಯೇ ಅವಳ ಅರ್ಜಿ, ಅವಳದೇ ಕೈಬರಹ. ಕಣ್ಣು ಅಗಲವಾಯಿತು. ಬಿಗಿದಿದ್ದ ತುಟಿಯ ಒಂದು ಮೂಲೆ ಸಡಿಲವಾಯಿತು, ಆಮೇಲೆ ಇನ್ನೊಂದು. ಇವನು ನೋಡುತ್ತಿದ್ದಾನೆಂದು ತಿಳಿದೊಡನೆ ಮತ್ತೆ ತಲೆ ತಗ್ಗಿಸಿ ಪರಮ ಸಾಧುವಿನಂತೆ ನಿಂತಳು.

"ಎಂಬತ್ತನಾಲ್ಕು ಸಾರ್" ಎಂದಳು ಮೆಲ್ಲಗೆ.

"ಬಿ.ಎಸ್ಸಿ. ಆದಮೇಲೆ?"

"ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಟೀಚರ್ ಆಗಬೇಕು ಅಂತಿದ್ದೀನಿ."

"ಏ, ಸುಮ್ಮನಿರೇ! ಮನೆಕೆಲಸ ಎಲ್ಲಾ ಬರುತ್ತಪ್ಪಾ ಅವಳಿಗೆ" ಎಂದು ತಾಯಿ ಗಾಬರಿಯಿಂದ ನಡುವೆ ಬಾಯಿ ಹಾಕಿದರು. "ತಗೊಳ್ಳಿ, ಆರಿಹೋಗುತ್ತೆ."

"ಬೇಡಮ್ಮ. ನಾವು ಹೋದ ಕಡೆ ಏನನ್ನೂ ತಿನ್ನಬಾರದು."

ಹೆಣ್ಣಿನ ಮನೆಯಲ್ಲಿ ತಿಂಡಿ ಬೇಡವೆಂದರೆ ಹೆಣ್ಣು ಬೇಡವೆಂದೇ ಅರ್ಥ. ಕನಕಲಕ್ಷ್ಮಿಯವರ ಕಣ್ಣು ತುಂಬಿಬಂತು. "ಹುಡುಗಿ ಒಪ್ಪಿಗೆ ಆಗಲಿಲ್ಲವಾ?"

"ಒಪ್ಪಿಗೆ ಕೊಡೋದು ನನ್ನ ಕೈಲಿಲ್ಲಮ್ಮ. ನಾನು ನೋಡಿದ್ದನ್ನ ಹೇಳ್ತೀನಿ. ಸಾಹೇಬರು ಒಪ್ಪಬೇಕು."

"ಹೆತ್ತಪ್ಪನ್ನ ಸಾಹೇಬ್ರು ಅಂತಾನಲ್ಲ!" ಎಂದು ಕಲ್ಲೇಶಪ್ಪನವರು ಬೆರಗಾದರು.

ಯದುಗಿರಿಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು. ನಗುವಿಗೆ ಬಳೆಗಳು ಸಣ್ಣಗೆ ಸದ್ದು ಮಾಡಿದವು. ತಟ್ಟೆಯನ್ನು ಇವನ ಮುಂದಿಡುವ ನೆಪದಲ್ಲಿ ಬಾಗಿ, "ಒಂದು ಬೋಂಡ ತಿಂದರೆ ನೌಕರಿ ಹೋಗಲ್ಲ. ಅಮ್ಮನಿಗೋಸ್ಕರ ತಿನ್ನಿ" ಎಂದು ಪಿಸುಗುಟ್ಟಿದಳು. ಅವನು ತಿಂದ. ಬೋಂಡ ಬಿಸಿಯಾಗಿತ್ತು, ಅದಕ್ಕಿಂತ ಬಿಸಿಯಾಗಿದ್ದದ್ದು ಅವನ ಕಿವಿ.

ಅಷ್ಟರಲ್ಲಿ ಹೊರಗಿನಿಂದ ಒಂದು ದಪ್ಪ ದನಿ ಕೇಳಿಸಿತು. "ಭಾಷ್ಯಂ ಮೇಷ್ಟ್ರ ಮನೆ ಇದೇನಾ? ಮೊದಲ ಬಸ್ಸು ತಪ್ಪಿಹೋಯ್ತು. ಹುಡುಗನ್ನ ಕರಕೊಂಡು ಬಂದಿದ್ದೀನಿ, ಹುಡುಗಿ ನೋಡೋಕೆ."

ಬಾಗಿಲಲ್ಲಿ ಜರಿಪೇಟದ ಹಿರಿಯರೊಬ್ಬರು, ಅವರ ಹಿಂದೆ ಟೈ ಕಟ್ಟಿಕೊಂಡ ಹುಡುಗ. ಮೇಷ್ಟ್ರು ನಿಧಾನವಾಗಿ ಯೋಗನರಸಿಂಹನ ಕಡೆ ತಿರುಗಿದರು.

"ಹಾಗಾದರೆ ನೀವು ಯಾರು?"

ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿ ಅವನು ಎದ್ದುನಿಂತ. "ನಾನು ತಾಲ್ಲೂಕು ಕಚೇರಿಯಿಂದ ಬಂದಿದ್ದೀನಿ ಸಾರ್. ಸಾಲದ ವಿಚಾರಣೆಗೆ."

ಜರಿಪೇಟದವರಿಗೆ ಕೇಳಿಸಿದ್ದು ಅಷ್ಟೇ. ತಾಲ್ಲೂಕು ಕಚೇರಿ, ಸಾಲ, ವಿಚಾರಣೆ. "ಸಾಲಕ್ಕೆ ಸರ್ಕಾರದವರು ಮನೆಬಾಗಿಲಿಗೆ ಬಂದು ಕೂತಿರೋ ಮನೆಯಾ ಇದು! ನಡಿಯೋ" ಎಂದು ಹುಡುಗನ ರಟ್ಟೆ ಹಿಡಿದರು. ಮೇಷ್ಟ್ರು ಹಿಂದೆಯೇ ಓಡಿ ವಿವರಿಸಲು ನೋಡಿದರು. ಅವರು ಕೆರೆ ಏರಿ ದಾಟುವವರೆಗೂ ತಿರುಗಿ ನೋಡಲಿಲ್ಲ.

ಕನಕಲಕ್ಷ್ಮಿ ತಲೆಯ ಮೇಲೆ ಕೈಹೊತ್ತು ಕೂತರು. ಕಲ್ಲೇಶಪ್ಪನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯೋಗನರಸಿಂಹ ಫೈಲನ್ನು ಎದೆಗೊತ್ತಿಕೊಂಡು, ಒಂದು ಮದುವೆ ಮುರಿದ ಪಾಪ ಹೊತ್ತು, ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಹೊರಬಿದ್ದ. ಗೇಟಿನ ಹತ್ತಿರ ತಿರುಗಿ ನೋಡಿದಾಗ ಕಿಟಕಿಯ ಸರಳಿನ ಹಿಂದೆ ಯದುಗಿರಿ ನಿಂತಿದ್ದಳು. ಮದುವೆ ಮುರಿದ ಹುಡುಗಿಯ ಮುಖ ಅಷ್ಟು ಬೆಳಗುತ್ತಿದ್ದದ್ದನ್ನು ಹಳೇಬೀಡಿನಲ್ಲಿ ಯಾರೂ ಕಂಡಿರಲಾರರು.

ಸುದ್ದಿ ಅವನಿಗಿಂತ ಮೊದಲೇ ಬೇಲೂರು ಸೇರಿತ್ತು. ಶಿರಸ್ತೇದಾರ ಕರಿಬಸವಯ್ಯನವರು ಕನ್ನಡಕ ಹಣೆಗೇರಿಸಿಕೊಂಡು, "ಬಾರಯ್ಯ ಮದುಮಗನೇ. ಹೆಣ್ಣು ಹೆಂಗಿದ್ದಾಳೆ?" ಎಂದರು. ನಕ್ಕು ಮುಗಿದಮೇಲೆ ವರದಿ ಓದಿ ಗಂಭೀರವಾದರು. "ಎಲ್ಲಾ ಸರಿ. ಇನ್ನೊಂದು ಕೇಳ್ಕೊಂಡು ಬಾ. ಹೆಣ್ಣುಮಗಳು. ನಾಳೆ ಮದುವೆಯಾಗಿ ಹೋದರೆ ಬಾಕಿ ಕಟ್ಟೋರು ಯಾರು? ಸಾಹೇಬರು ನನ್ನ ಮೊದಲು ಕೇಳೋದೇ ಅದು."

ಹೀಗೆ ಅವನು ಮತ್ತೆ ಹಳೇಬೀಡಿಗೆ ಹೋಗಬೇಕಾಯಿತು. ಈ ಸಲ ಬಸ್ಸಿನ ಹತ್ತಿರ ಯಾರೂ ಕಾದಿರಲಿಲ್ಲ. ಮೇಷ್ಟ್ರು ಕೋಣೆಯಿಂದ ಹೊರಗೇ ಬರಲಿಲ್ಲ. ಜಗಲಿಯ ಮೇಲೆ ಕಲ್ಲೇಶಪ್ಪನವರು ಜಾಮೀನಿಗೆ ಸಹಿ ಹಾಕಲು ಕೂತಿದ್ದರು.

"ನನ್ನ ತೋಟ ಐತೆ, ಗದ್ದೆ ಐತೆ, ಎಲ್ಲಾ ಬರ್ಕಳಿ ಸ್ವಾಮಿ. ಮಗಿ ಓದ್ಲಿ. ಮೇಷ್ಟ್ರು ನನ್ ಮಕ್ಳಿಗೆ ಪುಕ್ಕಟೆ ಪಾಠ ಹೇಳವ್ರೆ" ಎಂದು ಸಹಿ ಹಾಕಿ, ಎಲೆಯಡಿಕೆ ಹಾಕಿಕೊಳ್ಳಲು ಜಗಲಿಯ ಆ ತುದಿಗೆ ಸರಿದರು.

ಯದುಗಿರಿ ಕಾಫಿ ತಂದಿಟ್ಟಳು. ಇವತ್ತು ರೇಷ್ಮೆಯಿಲ್ಲ, ಮಲ್ಲಿಗೆಯಿಲ್ಲ, ನೂಲಿನ ಸೀರೆ. ಅವತ್ತಿಗಿಂತ ಇವತ್ತೇ ಚೆನ್ನಾಗಿದ್ದಾಳೆ ಎನ್ನಿಸಿ ಅವನು ಕಾಫಿಲೋಟವನ್ನೇ ನೋಡುತ್ತಾ ಕೂತ.

"ಅವತ್ತು ನಿಮಗೆ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳಬಾರದಾಗಿತ್ತಾ?" ಎಂದ.

"ಹೇಳಬಹುದಾಗಿತ್ತು. ಆದರೆ ಅಷ್ಟು ಶ್ರದ್ಧೆಯಿಂದ ನಕ್ಷತ್ರ ಹೇಳಿದವರನ್ನ ತಡೆಯೋಕೆ ಮನಸ್ಸಾಗಲಿಲ್ಲ."

ಅವನು ನಕ್ಕ. ಅವಳೂ ನಕ್ಕಳು. ಒಳಗೆ ಮೇಷ್ಟ್ರು ಕೆಮ್ಮಿದರು. ಅವನು ಕಚೇರಿಯ ಪ್ರಶ್ನೆಯನ್ನು ಹೇಗೋ ಸುತ್ತಿ ಬಳಸಿ ಕೇಳಿದ. ಅವಳ ನಗು ಮಾಯವಾಯಿತು.

"ಸಾಲ ತೀರೋವರೆಗೂ ಮದುವೆ ಆಗಲ್ಲ ಅಂತ ಬರಕೊಳ್ಳಿ. ಸಹಿ ಹಾಕ್ತೀನಿ. ಎಲ್ಲಿ ಬೇಕಾದರೂ ಹಾಕ್ತೀನಿ. ಈ ವರ್ಷ ತಪ್ಪಿದರೆ ಅಪ್ಪ ಇನ್ನೊಂದು ಗಂಡು ಹುಡುಕ್ತಾರೆ, ಆಮೇಲೆ ನನಗೆ ಕಾಲೇಜು ಅನ್ನೋದೇ ಇಲ್ಲ."

ಅವನು ಪೆನ್ನಿನ ಕ್ಯಾಪು ತೆಗೆದ, ಮತ್ತೆ ಹಾಕಿದ.

"ಅದನ್ನ ಬರೆಯಲ್ಲ."

"ಯಾಕೆ?"

"ಕಚೇರಿಯಲ್ಲಿ ಗಂಡುಹುಡುಗರ ಫೈಲುಗಳನ್ನೂ ನೋಡಿದ್ದೀನಿ. ನಿಮಗೆ ಮದುವೆ ಯಾವಾಗ ಅಂತ ಒಬ್ಬರನ್ನೂ ಕೇಳಿಲ್ಲ. ನಿಮ್ಮನ್ನ ಕೇಳಿದ್ದೇ ತಪ್ಪು. ಮೇಷ್ಟ್ರು ಯಾರಿಗೂ ಬಾಕಿಯಿಲ್ಲ, ಜಾಮೀನು ಗಟ್ಟಿಯಾಗಿದೆ, ಹುಡುಗಿ ಟೀಚರ್ ಆಗ್ತಾಳೆ. ಟೀಚರ್ ಆದವರಿಗೆ ಕೆಲಸ ಮಾಡಿದ ಪ್ರತಿ ವರ್ಷಕ್ಕೂ ಸಾಲದಲ್ಲಿ ಹತ್ತನೇ ಒಂದು ಭಾಗ ಸರ್ಕಾರವೇ ಮನ್ನಾ ಮಾಡುತ್ತೆ, ರೂಲ್ಸೇ ಹಾಗಿದೆ. ಮದುವೆಯಾದವರು ಪಾಠ ಮಾಡಬಾರದು ಅಂತ ಎಲ್ಲೂ ಇಲ್ಲ. ಇದನ್ನೇ ಬರೀತೀನಿ. ಸಾಹೇಬರಿಗೆ ನಾನೇ ಹೇಳ್ತೀನಿ."

ಅವಳ ಕಣ್ಣಂಚಿನಲ್ಲಿ ಹಳೆಯ ತುಂಟತನ ಇಣುಕಿತು. "ಬರೆಯದಿರೋದಕ್ಕೆ ಅದೊಂದೇ ಕಾರಣಾನಾ?"

ಪೆನ್ನಿನ ಕ್ಯಾಪು ಕೈಜಾರಿ ಜಗಲಿಯಿಂದ ಕೆಳಗುರುಳಿತು. ಅದನ್ನು ಹುಡುಕಿಕೊಳ್ಳುವ ನೆಪದಲ್ಲಿ ಅವನು ಉತ್ತರ ತಪ್ಪಿಸಿಕೊಂಡ.

ಸಾಲ ಮಂಜೂರಾಯಿತು. ಯದುಗಿರಿ ಮೈಸೂರಿಗೆ ಹೋದಳು. ಅವಳು ಹೊರಟ ದಿನ ಯೋಗನರಸಿಂಹ ತನಗೆ ತಾನೇ ಒಂದು ಕಟ್ಟು ಹಾಕಿಕೊಂಡ. ಅವಳ ಅರ್ಜಿಯ ಮೇಲೆ ಬರೆದವನು ತಾನು. ಈಗ ಹೋಗಿ ಮನಸ್ಸಿನ ಮಾತು ಹೇಳಿದರೆ, ಮಾಡಿದ ಉಪಕಾರಕ್ಕೆ ಪ್ರತಿಯಾಗಿ ಹುಡುಗಿಯನ್ನೇ ಕೇಳಿದಂತೆ ಆಗುತ್ತದೆ. ಆ ಹುಡುಗಿ ಬೇಡವೆನ್ನಲಾರಳು. ಬೇಡವೆನ್ನಲಾರದೆ ಹೂಂ ಎಂದ ಹೆಂಡತಿ ಅವನಿಗೆ ಬೇಕಾಗಿರಲಿಲ್ಲ.

ಕಟ್ಟು ಹಾಕಿಕೊಳ್ಳುವುದು ಸುಲಭ, ಶನಿವಾರದ ಬಸ್ಸು ಕಷ್ಟ. ಅವನು ಶನಿವಾರ ಶನಿವಾರ ಅರಸೀಕೆರೆಗೆ ಹೋಗುವ ಬಸ್ಸು ಹಳೇಬೀಡಿನಲ್ಲಿ ನಿಲ್ಲುತ್ತಿತ್ತು. ಕಾಲೇಜಿಗೆ ರಜೆಯಿದ್ದಾಗ ಅವಳು ಅಲ್ಲೆಲ್ಲೋ ಇರುತ್ತಿದ್ದಳು, ತರಕಾರಿ ಕೊಳ್ಳುತ್ತಲೋ, ತಮ್ಮಂದಿರಿಗೆ ಕಡಲೆಕಾಯಿ ಕೊಡಿಸುತ್ತಲೋ. ಪ್ರತಿ ರಜೆಯಲ್ಲೂ ಶನಿವಾರ ಸಂಜೆಯೇ ಅವಳ ಮನೆಯಲ್ಲಿ ತರಕಾರಿ ಮುಗಿಯುವುದು ಹೇಗೆ ಎಂದು ಈ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

"ಸರ್ಕಾರದವರು ಚೆನ್ನಾಗಿದ್ದಾರಾ?" ಎಂದು ಅವಳು ಬಸ್ಸಿನ ಕಿಟಕಿಯ ಕೆಳಗೆ ನಿಂತು ಕೇಳುತ್ತಿದ್ದಳು.

"ಚೆನ್ನಾಗಿದ್ದಾರೆ. ಸಾಲಗಾರರು ಓದ್ತಿದ್ದಾರಾ?"

"ಓದ್ತಿದ್ದಾರೆ. ಸ್ವಲ್ಪ ಸೊರಗಿದ್ದಾರೆ."

"ಹಾಸ್ಟೆಲ್ ಊಟ ಸರಿ ಇಲ್ವಾ?"

"ಊಟ ಚೆನ್ನಾಗೇ ಇದೆ" ಎಂದು ಅವಳು ಇನ್ನೇನೋ ಹೇಳಲಿರುವವಳಂತೆ ಕಾಯುತ್ತಿದ್ದಳು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದುತ್ತಿದ್ದ. ಬಸ್ಸು ಜಾವಗಲ್ಲು ದಾಟಿ, ಬಾಣಾವರ ದಾಟಿ, ಅರಸೀಕೆರೆಯ ರೈಲಿನ ಕೂಗು ಕೇಳಿಸುವವರೆಗೂ ಯೋಗನರಸಿಂಹ ಆ ಒಂದು ಮಾತನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಎದೆಯಲ್ಲಿ ಸಿಹಿಯೂ ನೋವೂ ಒಟ್ಟಿಗೆ ಇರುತ್ತಿದ್ದವು.

ಅವಳು ಬಿ.ಎಸ್ಸಿ. ಮುಗಿಸಿದಳು, ಬಿ.ಎಡ್. ಮುಗಿಸಿದಳು. ಅರಸೀಕೆರೆಯ ಹುಡುಗಿಯರ ಹೈಸ್ಕೂಲಿಗೆ ಟೀಚರಾಗಿ ಬಂದಳು. ಮೊದಲ ವರ್ಷ ಮುಗಿದು ಸಾಲದ ಮೊದಲ ಭಾಗ ಮನ್ನಾ ಆದಾಗ ಬೇಲೂರಿಗೆ ಒಂದು ಪೊಟ್ಟಣ ಮೈಸೂರ್ ಪಾಕು ಕಳಿಸಿದಳು. ಅದನ್ನು ಇಡೀ ಕಚೇರಿ ತಿಂದಿತು. ಕರಿಬಸವಯ್ಯನವರು ಕೈ ಒರೆಸಿಕೊಳ್ಳುತ್ತಾ, "ನೀನು ಇನ್ನೂ ಎಷ್ಟು ದಿನ ಹಿಂಗೇ ಇರ್ತೀಯಯ್ಯ?" ಎಂದರು. ಇವನು ಫೈಲಿನೊಳಗೆ ತಲೆ ಹುದುಗಿಸಿದ.

ಆ ವರ್ಷದ ದಸರಾ ರಜೆಯಲ್ಲಿ ಒಂದು ಬೆಳಗ್ಗೆ ಯದುಗಿರಿ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ನೀಲಿ ಸೀರೆ, ಕೈಯಲ್ಲಿ ಕೊಡೆ. ತುಟಿ ಬಿಗಿದಿತ್ತು.

"ಸಾಲದ ವಿಷಯ ಒಂದು ಕೇಳಬೇಕಾಗಿತ್ತು" ಎಂದಳು.

ಅವನು ಕುರ್ಚಿ ಒರೆಸಿ ಕೂರಿಸಿದ. ಅಕ್ಕಪಕ್ಕದ ಮೇಜುಗಳಲ್ಲಿ ಬರೆಯುವ ಸದ್ದು ನಿಂತಿತು.

"ನಾನು ಕೆಲಸ ಬಿಟ್ಟರೆ ಉಳಿದ ಸಾಲ ಏನಾಗುತ್ತೆ?"

"ಕೆಲಸ... ಯಾಕೆ ಬಿಡ್ತೀರಿ?"

"ಭದ್ರಾವತಿಯಿಂದ ಒಂದು ಸಂಬಂಧ ಬಂದಿದೆ. ಇಂಜಿನಿಯರಂತೆ. ಸಾಲವನ್ನೆಲ್ಲ ಒಂದೇ ಸಲ ನಾವೇ ಕಟ್ಟಿಬಿಡ್ತೀವಿ, ಹುಡುಗಿ ಕೆಲಸ ಬಿಡಲಿ ಅಂದಿದ್ದಾರೆ. ಅಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ನಾಳೆ ಮಾತು ಕೊಡ್ತಾರೆ."

ಕಿಟಕಿಯಾಚೆ ಯಾರೋ ಗಾಡಿಯ ಎತ್ತುಗಳನ್ನು ಗದರುತ್ತಿದ್ದರು. ಯೋಗನರಸಿಂಹನಿಗೆ ಆ ಸ್ವರ ಬಹಳ ದೂರದಿಂದ ಬಂದಂತೆ ಕೇಳಿಸಿತು. ನಾಳೆ. ಏನಾದರೂ ಹೇಳಲೇಬೇಕಾಗಿತ್ತು, ಬಾಯಿಗೆ ಬಂದದ್ದು ಗುಮಾಸ್ತನ ಮಾತೇ.

"ಕೆಲಸ ಬಿಟ್ಟರೆ ಮನ್ನಾ ಅಲ್ಲಿಗೇ ನಿಲ್ಲುತ್ತೆ. ಉಳಿದದ್ದನ್ನ ಕಂತಿನಲ್ಲಾದರೂ ಕಟ್ಟಬಹುದು, ಒಟ್ಟಿಗಾದರೂ ಕಟ್ಟಬಹುದು. ನಿಮ್ಮ ಹೆಡ್‌ಮಿಸ್ಟ್ರೆಸ್‌ರನ್ನ ಕೇಳಿದ್ದರೂ ಹೇಳ್ತಿದ್ದರು."

"ಕೇಳಿದೆ. ಅವರು ಬಹಳ ಚೆನ್ನಾಗಿ ವಿವರಿಸಿದರು."

"ಮತ್ತೆ ಇಲ್ಲಿವರೆಗೂ ಯಾಕೆ ಬಂದಿರಿ?"

ಅವಳು ಅವನನ್ನೇ ನೋಡಿದಳು. ಪಕ್ಕದ ಮೇಜಿನವರಿಗೆ ಅರ್ಥವಾಯಿತು, ಕರಿಬಸವಯ್ಯನವರಿಗೆ ಅರ್ಥವಾಯಿತು, ಬಾಗಿಲಲ್ಲಿದ್ದ ಜವಾನನಿಗೂ ಅರ್ಥವಾಯಿತು.

"ಒಟ್ಟಿಗೆ ಕಟ್ಟಿದರೆ... ರಸೀತಿ ತಪ್ಪದೆ ಇಸಕೊಳ್ಳಿ" ಎಂದ ಯೋಗನರಸಿಂಹ.

ಯದುಗಿರಿ ಎದ್ದಳು. ಕಣ್ಣು ತುಂಬಿತ್ತು, ಅದಕ್ಕಿಂತ ಹೆಚ್ಚಾಗಿ ಕೋಪ ಬಂದಿತ್ತು. ಕೊಡೆಯನ್ನು ಬಡಿಗೆಯಂತೆ ಹಿಡಿದು ಹೊರಟೇಬಿಟ್ಟಳು. ಒಂದು ಕ್ಷಣ ಅವನು ಕೂತೇ ಇದ್ದ. ಆಮೇಲೆ ಕುರ್ಚಿ ಬಿದ್ದದ್ದೂ ತಿಳಿಯದೆ ಹಿಂದೆ ಓಡಿದ.

"ಯದುಗಿರಿ!"

ಇಷ್ಟು ವರ್ಷದಲ್ಲಿ ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಮೆಟ್ಟಿಲ ಮೇಲೆ ನಿಂತಳು.

"ಇನ್ನೊಂದು ರೂಲ್ಸ್ ಮರೆತುಹೋಗಿತ್ತಾ?"

"ನನಗೆ... ನೀವು ಹೋಗೋದು ಇಷ್ಟವಿಲ್ಲ."

"ಯಾವ ಲೆಕ್ಕದಲ್ಲಿ?"

"ಅವತ್ತು ತಟ್ಟೆ ಹಿಡಕೊಂಡು ಬಂದು ನಿಂತಿರಲ್ಲ, ಅವತ್ತಿನಿಂದಲೂ ಇಷ್ಟವಿಲ್ಲ. ಹೇಳೋಕೆ ಆಗಲಿಲ್ಲ. ನಾನು ಬರೆದುಕೊಟ್ಟೆ, ನಿಮಗೆ ಸಾಲ ಸಿಕ್ಕಿತು. ಆಮೇಲೆ ನಾನೇ ಬಂದು ಕೇಳಿದರೆ, ಆ ಉಪಕಾರಕ್ಕೆ ಕಟ್ಟುಬಿದ್ದು ನೀವು ಹೂಂ ಅಂದುಬಿಟ್ಟರೆ? ಅದು ನನಗೆ ಬೇಡವಾಗಿತ್ತು. ಋಣಕ್ಕೆ ಹೂಂ ಅನ್ನಿಸಿಕೊಳ್ಳೋದಕ್ಕಿಂತ ಸುಮ್ಮನಿರೋದು ವಾಸಿ ಅಂದುಕೊಂಡೆ."

ಯದುಗಿರಿ ಬೆಪ್ಪಾಗಿ ಅವನನ್ನು ನೋಡಿದಳು. ಕೋಪಕ್ಕೆ ನಗು ಬಂತು, ನಗುವಿಗೆ ಅಳು ಬಂತು.

"ಇಷ್ಟೇನಾ? ಇಷ್ಟಕ್ಕೇ ಇಷ್ಟು ವರ್ಷ ನನ್ನ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದಿರಾ?" ಅವಳು ಒಂದು ಮೆಟ್ಟಿಲು ಹತ್ತಿ ಅವನ ಎದುರಿಗೆ ಬಂದಳು. "ಕೇಳಿಸಿಕೊಳ್ಳಿ. ಮಾರ್ಕ್ಸು ತಗೊಂಡವಳು ನಾನು. ಜಾಮೀನು ನಿಂತವರು ಕಲ್ಲೇಶಪ್ಪನವರು. ದುಡ್ಡು ಕೊಟ್ಟದ್ದು ಸರ್ಕಾರ. ಅದನ್ನ ತೀರಿಸ್ತಿರೋಳೂ ನಾನೇ, ದಿನಾ ಗಂಟಲು ಹರಕೊಂಡು ಪಾಠ ಮಾಡಿ. ನೀವು ಮಾಡಿದ್ದು ಏನು? ಇದ್ದದ್ದನ್ನ ಇದ್ದಹಾಗೆ ಬರೆದಿರಿ. ಅದಕ್ಕೆ ನಿಮಗೆ ಸಂಬಳ ಕೊಡ್ತಾರೆ. ನಿಮಗೆ ನಾನು ಏನೂ ಬಾಕಿಯಿಲ್ಲ. ಒಂದು ಕಾಸಿನಷ್ಟೂ ಇಲ್ಲ."

ಮನಸ್ಸನ್ನು ಇಷ್ಟು ಹಗುರ ಮಾಡುವ ಮಾತನ್ನು ಯೋಗನರಸಿಂಹ ಜೀವಮಾನದಲ್ಲಿ ಕೇಳಿರಲಿಲ್ಲ. ವರ್ಷಗಳಿಂದ ಎದೆಯ ಮೇಲಿದ್ದದ್ದನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು.

"ಹಾಗಾದರೆ ಈಗ ಕೇಳಬಹುದಾ?"

"ಬೇಗ ಕೇಳಿ. ಹನ್ನೊಂದು ಗಂಟೆಗೆ ಬಸ್ಸಿದೆ."

"ನನ್ನ ಮದುವೆ ಆಗ್ತೀರಾ?"

ಇಷ್ಟು ಹೊತ್ತು ಪಟಪಟನೆ ಮಾತಾಡಿದವಳು ಈಗ ಕೊಡೆಯ ತುದಿಯಿಂದ ಮೆಟ್ಟಿಲಿನ ಮೇಲೆ ಏನೋ ಗೀಚುತ್ತಾ ನಿಂತಳು. ಕೆನ್ನೆ ಕೆಂಪಾಯಿತು.

"ಕೆಲಸ ಬಿಡಲ್ಲ" ಎಂದಳು ಕೊನೆಗೆ.

"ಬಿಡಿ ಅಂತ ಯಾರು ಹೇಳಿದರು? ನಾನು ಅರಸೀಕೆರೆಗೆ ವರ್ಗ ಕೇಳ್ತೀನಿ. ಕೊಡದೆ ಹೋದರೆ ದಿನಾ ಓಡಾಡ್ತೀನಿ. ಮತ್ತೆ, ನಿಮ್ಮ ಸಾಲಕ್ಕೆ ನಾನು ಕೈಹಾಕಲ್ಲ. ಅದು ನಿಮ್ಮದು."

ಅವಳು ತಲೆಯೆತ್ತಿದಳು. ಈಗ ಆ ಕಣ್ಣುಗಳಲ್ಲಿ ತುಂಟತನವೂ ಇರಲಿಲ್ಲ, ಕೋಪವೂ ಇರಲಿಲ್ಲ. "ಹೂಂ" ಎಂದಳು, ಅವನಿಗೆ ಮಾತ್ರ ಕೇಳಿಸುವಂತೆ. ಕಣ್ಣು ಒರೆಸಿಕೊಂಡು, "ಅಪ್ಪ ನಾಳೆ ಮಾತು ಕೊಡ್ತಾರೆ, ನೆನಪಿರಲಿ. ನನಗೆ ಇಷ್ಟ ಅಂತ ನಾನು ಹೇಳ್ತೀನಿ. ಕೇಳಬೇಕಾದವರು ನೀವು" ಎಂದು ಮೆಟ್ಟಿಲಿಳಿದಳು.

ಯೋಗನರಸಿಂಹ ಒಳಗೆ ಬಂದ. ಇಡೀ ಕಚೇರಿ ಕಾಗದಗಳ ಮೇಲೆ ಬಾಗಿ ಏನೂ ಕೇಳಿಸಿಕೊಳ್ಳದವರಂತೆ ಕೂತಿತ್ತು. ಅವನು ನೆಟ್ಟಗೆ ಕರಿಬಸವಯ್ಯನವರ ಮೇಜಿನ ಮುಂದೆ ನಿಂತ.

"ಸಾರ್, ಇವತ್ತು ರಜೆ ಬೇಕಾಗಿತ್ತು."

"ಯಾತಕ್ಕಯ್ಯ?"

ಹೊಟ್ಟೆನೋವು ಎನ್ನಬಹುದಾಗಿತ್ತು. ಅಪ್ಪನಿಗೆ ಹುಷಾರಿಲ್ಲ ಎನ್ನಬಹುದಾಗಿತ್ತು. ಅವನು ಉಸಿರು ಎಳೆದುಕೊಂಡು, ಇಷ್ಟು ವರ್ಷ ನುಂಗಿಕೊಂಡಿದ್ದ ದನಿಯನ್ನೆಲ್ಲ ಸೇರಿಸಿ, "ಹಳೇಬೀಡಿಗೆ ಹೋಗಬೇಕು ಸಾರ್. ಭಾಷ್ಯಂ ಮೇಷ್ಟ್ರ ಮಗಳನ್ನ ಕೇಳೋಕೆ!" ಎಂದ.

ಅದು ಕಚೇರಿಯ ಕಿಟಕಿ ದಾಟಿ ರಸ್ತೆಯವರೆಗೂ ಕೇಳಿಸಿತು. ಬಸ್‌ಸ್ಟ್ಯಾಂಡಿನ ಕಡೆ ಬಿರುಬಿರನೆ ಹೋಗುತ್ತಿದ್ದ ನೀಲಿ ಸೀರೆ ತಟ್ಟನೆ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಅವನು ಬಂದು ಸೇರಲಿ ಎಂದು ಅಲ್ಲೇ, ನಡುರಸ್ತೆಯಲ್ಲಿ ಕಾಯುತ್ತಾ ನಿಂತಳು.